ಪಿಟಾ ಯಾಕೆ ಉಬ್ಬಲಿಲ್ಲ? ಓದುಗರ ಪ್ರಶ್ನೆಗಳಿಗೆ ಉತ್ತರ

ಪಿಟಾ ಅಂದರೆ ಬೇಯುವಾಗ ಉಬ್ಬಿ ಒಳಗೆ ಜೇಬಿನಂತೆ ಟೊಳ್ಳಾಗುವ ಚಪ್ಪಟೆ ಬ್ರೆಡ್. ಮನೆಯಲ್ಲಿ ಅದನ್ನು ಮಾಡುವಾಗ ಎಲ್ಲಿ ತೊಂದರೆ ಆಗುತ್ತಿದೆ, ಬರೆದು ಕಳಿಸಿ ಎಂದು ಕೇಳಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪತ್ರಗಳದ್ದು ಒಂದೇ ದೂರು: ಉಬ್ಬಲಿಲ್ಲ. ಅದಕ್ಕೇ ಮೊದಲು ಉತ್ತರ, ಸ್ವಲ್ಪ ಉದ್ದವಾಗಿಯೇ. ಉಳಿದವಕ್ಕೆ ಆಮೇಲೆ ಬರುತ್ತೇನೆ.

ಪ್ರಶ್ನೆ: ಮೇಡಂ, ಇಲ್ಲಿಯವರೆಗೆ ಮೂರು ಸಲ ಪಿಟಾ ಮಾಡಿದ್ದೇನೆ. ಹಿಟ್ಟು ಚೆನ್ನಾಗಿಯೇ ಉಕ್ಕುತ್ತದೆ, ಎರಡರಷ್ಟಾಗುತ್ತದೆ. ಓವನ್ನಿಗೆ ಹಾಕಿದ ಮೇಲೆ ಮಾತ್ರ ಒಂದೋ ಎರಡೋ ಉಬ್ಬುತ್ತವೆ, ಉಳಿದವು ಚಪ್ಪಟೆಯಾಗೇ ಬೇಯುತ್ತವೆ. ಕಳೆದ ಸಲ ಯೀಸ್ಟ್ ಎರಡು ಪಟ್ಟು ಹಾಕಿ ನೋಡಿದೆ. ಏನೂ ಬದಲಾಗಲಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಯೀಸ್ಟ್ ಮೇಲಿನ ಅನುಮಾನ ಮೊದಲು ಬಿಟ್ಟುಬಿಡಿ. ನಿಮ್ಮ ಯೀಸ್ಟ್ ತನ್ನ ಕೆಲಸ ಮಾಡಿದೆ, ಹಿಟ್ಟು ಎರಡರಷ್ಟಾಗಿದ್ದೇ ಅದಕ್ಕೆ ಸಾಕ್ಷಿ. ಪಿಟಾದ ಹೊಟ್ಟೆ ಉಬ್ಬಿಸುವುದು ಯೀಸ್ಟ್ ಅಲ್ಲ, ಆವಿ. ಯೀಸ್ಟ್ ರುಚಿ ಕೊಡುತ್ತದೆ, ಮೆತ್ತಗೆ ಮಾಡುತ್ತದೆ. ಓವನ್ನಿಗೆ ಹೋದ ಸ್ವಲ್ಪ ಹೊತ್ತಿಗೆ, ಒಳಗಿನ ಬಿಸಿ 60 ಡಿಗ್ರಿ ಮುಟ್ಟುವಷ್ಟರಲ್ಲಿ ಅದು ಸತ್ತೇ ಹೋಗಿರುತ್ತದೆ. ಉಬ್ಬುವ ಆಟ ಶುರುವಾಗುವುದು ಅದಾದ ಮೇಲೆ.

ಏನಾಗುತ್ತದೆ ನೋಡಿ. ಲಟ್ಟಿಸಿದ ಪಿಟಾವನ್ನು ಕಾದ ಕಲ್ಲಿನ ಮೇಲೋ ದಪ್ಪ ಟ್ರೇ ಮೇಲೋ ಹಾಕಿದ ಕೂಡಲೇ ಕೆಳಗಿನ ಮೈ ಗಟ್ಟಿಯಾಗುತ್ತದೆ. ಓವನ್ನಿನ ಬಿಸಿ ಗಾಳಿಗೆ ಮೇಲಿನ ಮೈಯೂ ಒಣಗಿ ಒಂದು ಪೊರೆ ಕಟ್ಟುತ್ತದೆ. ನಡುವೆ ಇರುವ ಹಿಟ್ಟು ಮಾತ್ರ ಇನ್ನೂ ಹಸಿ, ಒದ್ದೆ. ಆ ಒದ್ದೆ ಕುದಿಯುವ ಬಿಸಿಗೆ ಬಂದಾಗ ನೀರು ಆವಿಯಾಗುತ್ತದೆ. ಒಂದು ಗ್ರಾಂ ನೀರು ಪೂರ್ತಿ ಆವಿಯಾದರೆ ಅದಕ್ಕೆ ಸುಮಾರು 1.7 ಲೀಟರ್ ಜಾಗ ಬೇಕು! ನಿಮ್ಮ ಒಂದು ಪಿಟಾದಲ್ಲಿ 30 ಗ್ರಾಂ ಹತ್ತಿರ ನೀರಿರುತ್ತದೆ, ಅದರಲ್ಲಿ ಒಂದು ಚೂರು ಆವಿಯಾದರೂ ಸಾಕು. ಆವಿಗೆ ಮೇಲೂ ದಾರಿ ಇಲ್ಲ, ಕೆಳಗೂ ದಾರಿ ಇಲ್ಲ, ಹಾಗಾಗಿ ನಡುವಿನ ಮೆತ್ತನೆಯ ಪದರವನ್ನೇ ಸೀಳಿಕೊಂಡು ಎರಡು ಮೈಯನ್ನೂ ಬೇರೆ ಬೇರೆ ಮಾಡುತ್ತದೆ. ಅದೇ ಪಿಟಾದ ಜೇಬು.

ಅಂದರೆ ನಿಮಗೆ ಬೇಕಾದ್ದು ಎರಡೇ. ಮೈಗಳು ಬೇಗ ಗಟ್ಟಿಯಾಗುವಷ್ಟು ಜೋರು ಬಿಸಿ. ಮತ್ತೆ ಎಲ್ಲೂ ತೂತಿಲ್ಲದ, ಸುಕ್ಕಿಲ್ಲದ ಮೈ.

ಬಿಸಿಯ ವಿಷಯ ಮೊದಲು. ಓವನ್ 250 ಡಿಗ್ರಿಗೆ ಇಡಿ, ಅಷ್ಟು ಇಲ್ಲದಿದ್ದರೆ ಅದರಲ್ಲಿರುವ ಅತಿ ಹೆಚ್ಚಿಗೆ ಇಡಿ. ಬೇಯಿಸುವ ಕಲ್ಲೋ, ಬೀಡಿನ ಕಾವಲಿಯೋ, ಏನೂ ಇಲ್ಲದಿದ್ದರೆ ಮನೆಯಲ್ಲಿರುವ ಅತಿ ದಪ್ಪದ ಟ್ರೇಯನ್ನು ತಲೆಕೆಳಗಾಗಿಯೋ ಒಳಗಿಟ್ಟೇ ಓವನ್ ಹಚ್ಚಿ. ದೀಪ ಆರಿದ ಕೂಡಲೇ ಹಾಕಬೇಡಿ. ದೀಪ ಆರಿದರೆ ಒಳಗಿನ ಗಾಳಿ ಕಾದಿದೆ ಅಂತ ಅರ್ಥ, ಕಲ್ಲು ಕಾದಿದೆ ಅಂತ ಅಲ್ಲ. ಕಲ್ಲಿಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಕು. ಕರೆಂಟು ಸುಮ್ನೆ ಹಾಳು ಅನಿಸಬಹುದು, ಆದರೆ ಈ ಅರ್ಧ ಗಂಟೆ ಉಳಿಸಲು ಹೋದರೆ ಇಡೀ ಹಿಟ್ಟು ದಂಡವಾಗುತ್ತದೆ. ಒಂದು ಸಲಕ್ಕೆ ಎರಡೇ ಹಾಕಿ. ಬಾಗಿಲು ತೆಗೆದು ಹಾಕುವಷ್ಟರಲ್ಲಿ ಬಿಸಿ ಇಳಿಯುತ್ತದೆ, ಆದ್ದರಿಂದ ಒಂದು ಜೋಡಿ ತೆಗೆದ ಮೇಲೆ ಬಾಗಿಲು ಮುಚ್ಚಿ ಮೂರು ನಿಮಿಷ ಬಿಟ್ಟು ಮುಂದಿನ ಜೋಡಿ ಹಾಕಿ. ಮೊದಲನೆಯದು ಉಬ್ಬಿ ಆಮೇಲಿನವು ಕೈಕೊಟ್ಟರೆ ಕಾರಣ ಹೆಚ್ಚಾಗಿ ಇದೇ.

ಈಗ ಮೈಯ ವಿಷಯ. ನನಗೆ ಬಹಳ ದಿನ ಒಂದು ಕಾಟ ಇತ್ತು. ಪಿಟಾ ಉಬ್ಬುತ್ತಿತ್ತು, ಆದರೆ ಒಂದು ಬದಿ ಮಾತ್ರ ಅಂಟಿಕೊಂಡೇ ಇರುತ್ತಿತ್ತು, ಅರ್ಧಚಂದ್ರದ ಹಾಗೆ. ಹಿಟ್ಟು ಬದಲಿಸಿದೆ, ನೀರು ಬದಲಿಸಿದೆ, ಟ್ರೇ ತಿರುಗಿಸಿ ಇಟ್ಟೆ. ಕೊನೆಗೆ ಒಂದು ದಿನ ಬೇಯಿಸುವ ಮೊದಲು ಬೆಳಕಿಗೆ ಹಿಡಿದು ನೋಡಿದರೆ, ಆ ಅಂಟುವ ಬದಿಯಲ್ಲೇ ನನ್ನ ಹೆಬ್ಬೆರಳಿನ ಗುರುತು ಇತ್ತು. ಎತ್ತುವಾಗ ಬಲಗೈ ಹೆಬ್ಬೆರಳಿನಿಂದ ಒತ್ತುತ್ತಿದ್ದೆ. ಒತ್ತಿದ ಜಾಗದಲ್ಲಿ ಮೇಲಿನ ಮೈ ಕೆಳಗಿನ ಮೈಗೆ ಕೂಡಿಕೊಂಡುಬಿಡುತ್ತದೆ, ಆವಿ ಅಲ್ಲಿ ಬಿಡಿಸಲಾರದು. ಅಂದಿನಿಂದ ಬೆರಳಲ್ಲಿ ಎತ್ತುವುದು ಬಿಟ್ಟೆ. ತೆಳು ಹಲಗೆಯ ಮೇಲೆ ಹಿಟ್ಟು ಉದುರಿಸಿ, ಪಿಟಾವನ್ನು ಅದರ ಮೇಲಿಟ್ಟು, ಅಲ್ಲಿಂದ ಕಲ್ಲಿನ ಮೇಲೆ ಜಾರಿಸುತ್ತೇನೆ. ಅಂಗೈ ಅಗಲ ಮಾಡಿ ಎತ್ತಿದರೂ ಆದೀತು. ಉಗುರು ಮಾತ್ರ ತಾಗಬಾರದು.

ಲಟ್ಟಿಸುವಾಗ 4ರಿಂದ 5 ಮಿಲಿಮೀಟರ್ ದಪ್ಪ ಇರಲಿ. ಅದಕ್ಕಿಂತ ಮುಖ್ಯ, ಎಲ್ಲ ಕಡೆ ಒಂದೇ ದಪ್ಪ ಇರಲಿ. ನಡು ದಪ್ಪ ಅಂಚು ತೆಳು ಆದರೆ ಅಂಚು ಮೊದಲೇ ಬೆಂದು ಗಟ್ಟಿಯಾಗುತ್ತದೆ. ಉಂಡೆ ಮಾಡುವಾಗ ಒಳಗೆ ಒಣ ಹಿಟ್ಟು ಮಡಚಿ ಸೇರಿದರೆ ಅದು ಸೀಳಾಗಿ ಉಳಿದು, ಆವಿ ಅಲ್ಲಿಂದ ಹೊರಗೆ ಹೋಗುತ್ತದೆ. ಲಟ್ಟಿಸಿಟ್ಟದ್ದನ್ನು ಬರೀ ಗಾಳಿಗೆ ಬಿಟ್ಟರೆ ಮೇಲಿನ ಮೈ ಒಣಗಿ ಬಿರುಕು ಬಿಡುತ್ತದೆ. ಬಟ್ಟೆ ಮುಚ್ಚಿ. ಹತ್ತು ನಿಮಿಷ ಹಾಗೇ ಬಿಟ್ಟು ಆಮೇಲೆ ಬೇಯಿಸಿ, ಬಿಗಿದ ಹಿಟ್ಟು ಸಡಿಲವಾಗುತ್ತದೆ.

ಇಷ್ಟೂ ನೋಡಿಕೊಂಡು ಮತ್ತೊಮ್ಮೆ ಮಾಡಿ. ಯೀಸ್ಟ್ ಮೊದಲಿನ ಅಳತೆಗೇ ಇಳಿಸಿ, ಎರಡು ಪಟ್ಟು ಹಾಕಿದರೆ ವಾಸನೆ ಬರುತ್ತದೆ ಅಷ್ಟೇ.

ಪ್ರಶ್ನೆ: ಒಬ್ಬೊಬ್ಬರು ಒಂದೊಂದು ಅಳತೆ ಹೇಳುತ್ತಾರೆ. ನೀವು ಮಾಡುವ ಅಳತೆ ಹೇಳಿ. ನನ್ನ ಹತ್ತಿರ ತೂಕದ ಯಂತ್ರ ಇಲ್ಲ.

ಉತ್ತರ: ನಾನು ಮಾಡುವುದು ಹೀಗೆ: ಮೈದಾ 500 ಗ್ರಾಂ, ನೀರು 320 ಗ್ರಾಂ, ಉಪ್ಪು 10 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 6 ಗ್ರಾಂ, ಸಕ್ಕರೆ ಎರಡು ಟೀ ಚಮಚ, ಆಲಿವ್ ಎಣ್ಣೆ ಒಂದು ದೊಡ್ಡ ಚಮಚ. ಹತ್ತು ಪಿಟಾ ಆಗುತ್ತವೆ, ಒಂದೊಂದು ಉಂಡೆ 85 ಗ್ರಾಂ. ಸಕ್ಕರೆ ಬೇಡವೆಂದರೆ ಬಿಡಬಹುದು. ಆಲಿವ್ ಎಣ್ಣೆಯೇ ಆಗಬೇಕೆಂದಿಲ್ಲ, ಜಾಸ್ತಿ ವಾಸನೆ ಇಲ್ಲದ ಯಾವ ಅಡುಗೆ ಎಣ್ಣೆಯೂ ನಡೆಯುತ್ತದೆ.

ಕಪ್ಪಿನ ಲೆಕ್ಕದಲ್ಲಿ, 240 ಮಿಲಿಲೀಟರ್ ಕಪ್ಪಿಗೆ, ಸಡಿಲವಾಗಿ ತುಂಬಿದ ಹಿಟ್ಟು ನಾಲ್ಕು ಕಪ್, ನೀರು ಒಂದೂ ಕಾಲು ಕಪ್ಪಿಗಿಂತ ಚೂರು ಜಾಸ್ತಿ, ಯೀಸ್ಟ್ ಎರಡು ಟೀ ಚಮಚ, ಉಪ್ಪು ಒಂದೂ ಮುಕ್ಕಾಲು ಟೀ ಚಮಚ. ಆದರೆ ಹಿಟ್ಟನ್ನು ಕಪ್ಪಿಗೆ ಒತ್ತಿ ತುಂಬಿದರೆ ಪ್ರತಿ ಕಪ್ಪಿಗೂ 20, 30 ಗ್ರಾಂ ಜಾಸ್ತಿ ಹೋಗುತ್ತದೆ. ನಾಲ್ಕು ಕಪ್ಪಿಗೆ ನೂರು ಗ್ರಾಂ ಆಯಿತಲ್ಲ! ಆಗ ಹಿಟ್ಟು ಒಣಗಿಹೋಗಿ, ಉಬ್ಬಲು ಬೇಕಾದ ಆವಿಯೇ ಇರುವುದಿಲ್ಲ. ಚಮಚದಲ್ಲಿ ತೆಗೆದು ಕಪ್ಪಿಗೆ ಉದುರಿಸಿ, ಮೇಲೆ ಚಾಕುವಿನ ಬೆನ್ನಿನಿಂದ ಸವರಿ. ಸಾಧ್ಯವಾದರೆ ಒಂದು ಸಣ್ಣ ತಕ್ಕಡಿ ಕೊಳ್ಳಿ, ಬ್ರೆಡ್ ಮಾಡುವವರಿಗೆ ಅದರಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ.

ಎಲ್ಲ ಸೇರಿಸಿ ಕಲಸಿ, ಹತ್ತು ನಿಮಿಷ ಮುಚ್ಚಿಡಿ, ಆಮೇಲೆ ಎಂಟರಿಂದ ಹತ್ತು ನಿಮಿಷ ನಾದಿ. ಮೊದಲು ಕೈಗೆ ಅಂಟುತ್ತದೆ. ಅಂಟುತ್ತದೆ ಅಂತ ಹಿಟ್ಟು ಸುರಿಯಬೇಡಿ, ದಯವಿಟ್ಟು. ನಾದುತ್ತಾ ಹೋದ ಹಾಗೆ ತಾನೇ ಪಾತ್ರೆ ಬಿಡುತ್ತದೆ, ನಯವಾಗುತ್ತದೆ. ಕೊನೆಗೆ ಕಿವಿಯ ಹಾಲೆ ಮುಟ್ಟಿದ ಹಾಗೆ ಇರಬೇಕು. ಎಣ್ಣೆ ಸವರಿದ ಪಾತ್ರೆಯಲ್ಲಿ ಮುಚ್ಚಿಟ್ಟರೆ ಸೆಕೆಯಲ್ಲಿ ಮುಕ್ಕಾಲು ಗಂಟೆ, ಚಳಿಯಲ್ಲಿ ಎರಡು ಗಂಟೆ ಆಗಬಹುದು. ಗಡಿಯಾರ ನೋಡಬೇಡಿ, ಹಿಟ್ಟು ನೋಡಿ. ಎರಡರಷ್ಟಾದ ಮೇಲೆ ಹತ್ತು ಪಾಲು ಮಾಡಿ, ಉಂಡೆ ಕಟ್ಟಿ, ಹದಿನೈದು ನಿಮಿಷ ಬಟ್ಟೆ ಮುಚ್ಚಿ ಬಿಡಿ. ಆಮೇಲೆ 15, 16 ಸೆಂಟಿಮೀಟರ್ ಅಗಲಕ್ಕೆ ಲಟ್ಟಿಸಿ. ಲಟ್ಟಿಸಿದ್ದು ಹಿಂದಕ್ಕೆ ಸರಿದು ಸಣ್ಣದಾಗುತ್ತಿದ್ದರೆ ಹಟ ಮಾಡದೆ ಐದು ನಿಮಿಷ ಪಕ್ಕಕ್ಕಿಟ್ಟು ಇನ್ನೊಂದನ್ನು ತೆಗೆದುಕೊಳ್ಳಿ.

ಬೇಯಲು ಮೂರರಿಂದ ನಾಲ್ಕು ನಿಮಿಷ ಸಾಕು.

ಪ್ರಶ್ನೆ: ನನ್ನ ಪಿಟಾ ಚೆನ್ನಾಗಿ ಉಬ್ಬುತ್ತದೆ, ನೋಡಲು ಬಲು ಚೆಂದ. ಆದರೆ ಆರಿದ ಮೇಲೆ ಹಲಗೆಯ ಹಾಗೆ ಗಟ್ಟಿ. ಮಡಚಿದರೆ ಮುರಿಯುತ್ತದೆ.

ಉತ್ತರ: ಜಾಸ್ತಿ ಹೊತ್ತು ಬೇಯಿಸುತ್ತಿದ್ದೀರಿ. ಚೆನ್ನಾಗಿ ಕೆಂಪಗಾಗಲಿ ಅಂತ ಕಾಯುತ್ತೀರಿ ಅಲ್ವಾ? ಪಿಟಾ ಕೆಂಪಗಾಗಬೇಕಿಲ್ಲ. ಅಲ್ಲಲ್ಲಿ ಕಂದು ಚುಕ್ಕೆ ಬಿದ್ದು ಉಳಿದದ್ದು ಬೆಳ್ಳಗೇ ಇದ್ದರೆ ಅದೇ ಹದ. ಪೂರ್ತಿ ಉಬ್ಬಿದ ಮೇಲೆ ಒಂದು ನಿಮಿಷ, ಅಷ್ಟೇ, ತೆಗೆಯಿರಿ. ದೊಡ್ಡ ಬೇಕರಿಗಳ ಒಲೆಯಲ್ಲಿ 400 ಡಿಗ್ರಿಗೂ ಮೇಲೆ ಬಿಸಿ ಇರುತ್ತದೆ, ಪಿಟಾ ಒಂದು ನಿಮಿಷದೊಳಗೆ ಹೊರಗೆ ಬರುತ್ತದೆ. ಒಣಗಲು ಅದಕ್ಕೆ ಹೊತ್ತೇ ಸಿಗುವುದಿಲ್ಲ, ಅದಕ್ಕೇ ಅಷ್ಟು ಮೆತ್ತಗಿರುತ್ತದೆ. ಓವನ್ನಿನ ಬಿಸಿ ಕಡಿಮೆಯಾದಷ್ಟೂ ಪಿಟಾ ಒಳಗೆ ಹೆಚ್ಚು ಹೊತ್ತು ಕೂತು ಒಣಗುತ್ತದೆ.

ಇನ್ನೊಂದು, ತೆಗೆದ ಕೂಡಲೇ ದಪ್ಪ ಬಟ್ಟೆಯಲ್ಲಿ ಸುತ್ತಿಡಿ. ಒಂದರ ಮೇಲೊಂದು ಪೇರಿಸಿ, ಬಟ್ಟೆಯ ನಾಲ್ಕು ಮೂಲೆಯೂ ಮುಚ್ಚಿ. ತನ್ನದೇ ಆವಿಯಲ್ಲಿ ಹತ್ತು ನಿಮಿಷ ಕೂತರೆ ಗರಿಗರಿ ಮೈ ಮೆತ್ತಗಾಗುತ್ತದೆ. ಉಬ್ಬಿದ್ದು ಇಳಿಯುತ್ತದೆ ಅಂತ ಬೇಜಾರು ಬೇಡ. ಇಳಿದರೂ ಜೇಬು ಒಳಗೆ ಇದ್ದೇ ಇರುತ್ತದೆ. ಕತ್ತರಿಸಿದಾಗ ಎರಡು ಪದರವೂ ಬಿಡಿಸಿಕೊಂಡು ಬರುತ್ತವೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಓವನ್ ಇಲ್ಲ. ಒಲೆಯ ಮೇಲೆ ಆಗುತ್ತದೆಯೇ?

ಉತ್ತರ: ಖಂಡಿತ ಆಗುತ್ತದೆ. ಕಬ್ಬಿಣದ ಅಥವಾ ಬೀಡಿನ ದಪ್ಪ ಕಾವಲಿ ಬೇಕು. ಹದ ಉರಿಯಲ್ಲಿ ಐದಾರು ನಿಮಿಷ ಕಾಯಿಸಿ, ಆಮೇಲೆ ಉರಿ ಸ್ವಲ್ಪ ಏರಿಸಿ. ನೀರಿನ ಹನಿ ಹಾಕಿದರೆ ಕುಣಿದು ಓಡಬೇಕು. ಎಣ್ಣೆ ಬೇಡ. ಪಿಟಾ ಹಾಕಿ ಅರ್ಧ ನಿಮಿಷಕ್ಕೆ, ಮೇಲೆ ಸಣ್ಣ ಗುಳ್ಳೆ ಕಂಡ ಕೂಡಲೇ, ಮಗುಚಿ. ಈ ಮೊದಲ ಅರ್ಧ ನಿಮಿಷ ಮುಖ್ಯ, ಒಂದು ಮೈ ಪೊರೆ ಕಟ್ಟಿದರೆ ಸಾಕು, ಬೇಯಬಾರದು. ಎರಡನೇ ಬದಿ ಒಂದೂವರೆ ನಿಮಿಷ. ಮತ್ತೆ ಮಗುಚಿದಾಗ ಉಬ್ಬಲು ಶುರುವಾಗುತ್ತದೆ. ಒಂದು ಕಡೆ ಮಾತ್ರ ಉಬ್ಬಿದರೆ, ಬಟ್ಟೆಯ ಉಂಡೆಯಿಂದ ಉಬ್ಬಿದ ಕಡೆ ಮೆಲ್ಲಗೆ ಒತ್ತಿ, ಆವಿ ಇನ್ನೊಂದು ಕಡೆಗೆ ಸರಿಯುತ್ತದೆ. ಕಾವಲಿಯಲ್ಲಿ ಹತ್ತಕ್ಕೆ ಹತ್ತೂ ಉಬ್ಬುವುದು ಕಷ್ಟ, ಮೇಲಿನಿಂದ ಬಿಸಿ ಸಿಗುವುದಿಲ್ಲವಲ್ಲ. ಎತ್ತರದ ಮುಚ್ಚಳ ಮುಚ್ಚಿದರೆ ಸ್ವಲ್ಪ ಸಹಾಯ. ರುಚಿಗೆ ಏನೂ ಕಡಿಮೆ ಇಲ್ಲ.

ನಾನ್‌ಸ್ಟಿಕ್ ಕಾವಲಿ ಮಾತ್ರ ಬೇಡ. ಅಷ್ಟು ಜೋರಾಗಿ ಬರಿದೇ ಕಾಯಿಸಿದರೆ ಅದರ ಮೇಲಿನ ಲೇಪ ಹಾಳಾಗಿ ಕೆಟ್ಟ ಹೊಗೆ ಬಿಡುತ್ತದೆ. ಓವನ್ ಇರುವವರಿಗೂ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ: ಬೇಕಿಂಗ್ ಪೇಪರ್ ಕೊಳ್ಳುವಾಗ ಡಬ್ಬಿಯ ಮೇಲೆ ಎಷ್ಟು ಡಿಗ್ರಿ ತಡೆಯುತ್ತದೆ ಎಂದು ಓದಿ. ಬಹಳಷ್ಟು ಪೇಪರ್‌ಗಳು 220 ಡಿಗ್ರಿ ಹತ್ತಿರದವರೆಗೆ ಮಾತ್ರ. 250ರಲ್ಲಿ ಅಂಚು ಕರಿದಾಗಿ ಉದುರುತ್ತದೆ. ಪಿಟಾಕ್ಕೆ ಪೇಪರ್ ಬೇಕಾಗಿಯೂ ಇಲ್ಲ, ಕಾದ ಕಲ್ಲಿಗೆ ಅದು ಅಂಟುವುದಿಲ್ಲ.

ಪ್ರಶ್ನೆ: ಮೈದಾ ಬೇಡ ಅಂತ ಪೂರ್ತಿ ಗೋಧಿ ಹಿಟ್ಟಿನಲ್ಲಿ ಅದೇ ಅಳತೆಗೆ ಮಾಡಿದೆ. ಹಿಟ್ಟು ಕಲ್ಲಿನಂತಾಯಿತು, ಲಟ್ಟಿಸುವಾಗ ಅಂಚೆಲ್ಲ ಸೀಳಿತು.

ಉತ್ತರ: ಅಳತೆ ಅದೇ ಆದರೆ ಹಾಗೇ ಆಗುವುದು. ಇಡೀ ಗೋಧಿ ಹಿಟ್ಟಿನಲ್ಲಿ ತೌಡು ಇರುತ್ತದೆ, ಅದು ನೀರು ಜಾಸ್ತಿ ಕುಡಿಯುತ್ತದೆ, ಕುಡಿಯಲು ಹೊತ್ತೂ ತೆಗೆದುಕೊಳ್ಳುತ್ತದೆ. 500 ಗ್ರಾಂ ಹಿಟ್ಟಿಗೆ 360ರಿಂದ 380 ಗ್ರಾಂ ನೀರು ಬೇಕು. ಮೊದಲು ಹಿಟ್ಟು ನೀರು ಎರಡನ್ನೇ ಕಲಸಿ ಅರ್ಧ ಗಂಟೆ ನೆನೆಯಲು ಬಿಡಿ, ಆಮೇಲೆ ಉಪ್ಪು, ಯೀಸ್ಟ್, ಎಣ್ಣೆ ಸೇರಿಸಿ ನಾದಿ. ಕಲಸಿದಾಗ ಅಯ್ಯೋ ಇಷ್ಟು ಮೆತ್ತಗಾಯಿತಲ್ಲ ಅನಿಸುತ್ತದೆ, ಅರ್ಧ ಗಂಟೆ ಬಿಟ್ಟು ಮುಟ್ಟಿ ನೋಡಿ, ಬೇರೆಯೇ ಹಿಟ್ಟು ಅನ್ನುವಷ್ಟು ಬದಲಾಗಿರುತ್ತದೆ. ತೌಡಿನ ಚೂರುಗಳು ಹಿಟ್ಟಿನ ಎಳೆಯನ್ನು ಅಲ್ಲಲ್ಲಿ ಕತ್ತರಿಸುತ್ತವೆ, ಅದಕ್ಕೇ ಜೇಬು ಸುಲಭದಲ್ಲಿ ಆಗುವುದಿಲ್ಲ. ನೆನೆದ ತೌಡು ಮೆತ್ತಗಿರುವುದರಿಂದ ಕತ್ತರಿಸುವುದು ಕಡಿಮೆ.

ಮೊದಲ ಸಲ ಪೂರ್ತಿ ಗೋಧಿಗೆ ಹೋಗಬೇಡಿ. ಕಾಲು ಭಾಗ ಗೋಧಿ, ಮುಕ್ಕಾಲು ಮೈದಾ. ಅದು ಕೈಗೆ ಹತ್ತಿದ ಮೇಲೆ ಅರ್ಧ. ನನಗೆ ಅರ್ಧಕ್ಕರ್ಧ ಹಾಕಿದ ಪಿಟಾದ ರುಚಿಯೇ ಎಲ್ಲಕ್ಕಿಂತ ಇಷ್ಟ.

ಪ್ರಶ್ನೆ: ಉಪ್ಪು ತಾಗಿದರೆ ಯೀಸ್ಟ್ ಸಾಯುತ್ತದೆ ಅಂತಾರೆ, ನಿಜವಾ? ಮತ್ತೆ ಇನ್‌ಸ್ಟಂಟ್ ಯೀಸ್ಟ್ ಬದಲು ಆಕ್ಟಿವ್ ಡ್ರೈ ಯೀಸ್ಟ್ ಇದ್ದರೆ ಎಷ್ಟು ಹಾಕಬೇಕು?

ಉತ್ತರ: ನೂರು ಗ್ರಾಂ ಹಿಟ್ಟಿಗೆ ಎರಡು ಗ್ರಾಂ ಉಪ್ಪು ಯೀಸ್ಟನ್ನು ಕೊಲ್ಲುವುದಿಲ್ಲ, ಸ್ವಲ್ಪ ನಿಧಾನ ಮಾಡುತ್ತದೆ. ಹಸಿ ಯೀಸ್ಟ್ ಮೇಲೆ ಉಪ್ಪು ಸುರಿದು ಹಾಗೇ ಬಿಟ್ಟರೆ ತೊಂದರೆ ನಿಜ. ಒಂದು ಕಡೆ ಉಪ್ಪು ಇನ್ನೊಂದು ಕಡೆ ಯೀಸ್ಟ್ ಹಾಕಿ ಕಲಸಿದರೆ ಮುಗಿಯಿತು. ಯೀಸ್ಟನ್ನು ನಿಜವಾಗಿ ಕೊಲ್ಲುವುದು ಕುದಿ ನೀರು. ಬೆರಳಿಗೆ ಹಿತವಾಗಿರುವ ನೀರು ಸಾಕು, 40 ಡಿಗ್ರಿ ಹತ್ತಿರ.

ಆಕ್ಟಿವ್ ಡ್ರೈ ಆದರೆ ಕಾಲು ಭಾಗ ಜಾಸ್ತಿ ಹಾಕಿ, ಅಂದರೆ 6 ಗ್ರಾಮಿನ ಬದಲು ಏಳೂವರೆ. ಹಸಿ ಯೀಸ್ಟ್ ಆದರೆ ಮೂರು ಪಟ್ಟು, 18 ಗ್ರಾಂ. ಡಬ್ಬಿ ಹಳೆಯದಾಗಿದ್ದರೆ ಅರ್ಧ ಕಪ್ ಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ, ಒಂದು ಚಮಚ ಯೀಸ್ಟ್ ಹಾಕಿ ನೋಡಿ. ಹತ್ತು ನಿಮಿಷದಲ್ಲಿ ನೊರೆ ಬಾರದಿದ್ದರೆ ಬಿಸಾಕಿ. ಅನುಮಾನ ಇಟ್ಟುಕೊಂಡು ಅರ್ಧ ಕಿಲೋ ಹಿಟ್ಟು ಕಲಸಬೇಡಿ.

ಪ್ರಶ್ನೆ: ಯೀಸ್ಟ್ ಮನೆಯಲ್ಲಿ ಯಾರಿಗೂ ಒಗ್ಗುವುದಿಲ್ಲ. ಇಲ್ಲದೆ ಪಿಟಾ ಮಾಡಬಹುದೇ?

ಉತ್ತರ: ಮೊದಲ ಉತ್ತರ ಓದಿದವರಿಗೆ ಇದರ ಉತ್ತರ ಈಗಾಗಲೇ ಗೊತ್ತಾಗಿರಬೇಕು. ಉಬ್ಬಿಸುವುದು ಆವಿ ಆದ್ದರಿಂದ ಯೀಸ್ಟ್ ಇಲ್ಲದೆಯೂ ಉಬ್ಬುತ್ತದೆ. 500 ಗ್ರಾಂ ಮೈದಾಕ್ಕೆ ಮೂರು ಟೀ ಚಮಚ ಬೇಕಿಂಗ್ ಪೌಡರ್, ಉಪ್ಪು, ಎಣ್ಣೆ, ನೀರಿನ ಅರ್ಧಕ್ಕೆ ಮೊಸರು. ಮೊಸರು ಗಟ್ಟಿಯಿದ್ದರೆ ನೀರು ಚೂರು ಜಾಸ್ತಿ ಹಿಡಿಯುತ್ತದೆ, ಕೈಯಿಂದಲೇ ಹದ ನೋಡಿ. ಅರ್ಧ ಗಂಟೆ ಬಿಟ್ಟು ಲಟ್ಟಿಸಿ. ಮೆತ್ತಗೂ ಆಗುತ್ತದೆ. ಆದರೆ ಹುದುಗು ಬಂದ ಹಿಟ್ಟಿನ ಘಮ ಇದರಲ್ಲಿ ಸಿಗುವುದಿಲ್ಲ, ಮರುದಿನಕ್ಕೆ ಬೇಗ ಒಣಗುತ್ತದೆ. ಅಂದೇ ತಿಂದು ಮುಗಿಸಲು ಒಳ್ಳೆಯದು.

ಪ್ರಶ್ನೆ: ಬೆಳಿಗ್ಗೆ ಕೆಲಸಕ್ಕೆ ಹೋಗುವ ನಮ್ಮಂಥವರು ಹಿಟ್ಟನ್ನು ಹಿಂದಿನ ರಾತ್ರಿಯೇ ಕಲಸಿ ಫ್ರಿಜ್‌ನಲ್ಲಿಡಬಹುದೇ?

ಉತ್ತರ: ಇಡಬಹುದು ಅಲ್ಲ, ಇಡಲೇಬೇಕು ಅಂತ ಹೇಳುತ್ತೇನೆ. ಯೀಸ್ಟ್ ಅರ್ಧ ಮಾಡಿ, 3 ಗ್ರಾಂ ಸಾಕು, ನೀರು ತಣ್ಣಗಿರಲಿ. ನಾದಿ ಎಣ್ಣೆ ಸವರಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಡಬ್ಬಿ ದೊಡ್ಡದಿರಲಿ. ಹನ್ನೆರಡು ಗಂಟೆಯಿಂದ ಒಂದು ದಿನದವರೆಗೆ ಬಿಟ್ಟರೆ ರುಚಿಯೇ ಬೇರೆ. ನಿಧಾನವಾಗಿ ಹುದುಗು ಬರುವಾಗ ಹಿಟ್ಟಿನೊಳಗೆ ಆಗಬೇಕಾದ್ದೆಲ್ಲ ಆಗಲು ಹೊತ್ತು ಸಿಗುತ್ತದೆ. ಎರಡು ದಿನ ದಾಟಿಸಬೇಡಿ, ಹುಳಿ ಜಾಸ್ತಿಯಾಗಿ ಹಿಟ್ಟು ಸಡಿಲಾಗುತ್ತದೆ. ಬೇಯಿಸುವ ಒಂದು ಗಂಟೆ ಮೊದಲು ಹೊರಗೆ ತೆಗೆದು ಉಂಡೆ ಕಟ್ಟಿಡಿ.

ಪ್ರಶ್ನೆ: ಪಿಟಾ ಗ್ರೀಸ್ ದೇಶದ್ದು ಅಂತ ಒಬ್ಬರು, ಅರಬ್ಬರದ್ದು ಅಂತ ಇನ್ನೊಬ್ಬರು. ಯಾವುದು ಸರಿ? ಗ್ರೀಕ್ ಪಿಟಾದಲ್ಲಿ ಜೇಬೇ ಇರಲಿಲ್ಲ, ನಾನು ತಿಂದಿದ್ದೇನೆ.

ಉತ್ತರ: ನೀವು ತಿಂದದ್ದು ಸರಿಯಾದದ್ದೇ. ಗ್ರೀಸ್‌ನಲ್ಲಿ ಸುವ್ಲಾಕಿ, ಗೀರೊ ಎಂಬ ಸುಟ್ಟ ಮಾಂಸದ ತಿನಿಸು ಸುತ್ತಿಕೊಡುವ ಪಿಟಾ ಸ್ವಲ್ಪ ದಪ್ಪ, ಜೇಬಿಲ್ಲ. ಅದನ್ನು ಸುತ್ತುತ್ತಾರೆ, ತುಂಬುವುದಿಲ್ಲ. ನಾವು ಇಲ್ಲಿ ಮಾತಾಡುತ್ತಿರುವ ಜೇಬಿನ ಬ್ರೆಡ್ ಲೆಬನಾನ್, ಸಿರಿಯಾ, ಪ್ಯಾಲೆಸ್ಟೈನ್, ಜೋರ್ಡಾನ್ ಕಡೆಯದು. ಅಲ್ಲಿ ಅದನ್ನು ಖುಬ್ಜ್ ಎನ್ನುತ್ತಾರೆ, ಅರಬ್ಬಿಯಲ್ಲಿ ಬ್ರೆಡ್ ಅಂತಲೇ ಅರ್ಥ. ಈಜಿಪ್ಟಿನಲ್ಲಿ ತೌಡು ಸೇರಿದ ಹಿಟ್ಟಿನಿಂದ ಇಂಥದ್ದೇ ಮಾಡುತ್ತಾರೆ, ಅದು ಐಶ್ ಬಲದಿ. ಐಶ್ ಅಂದರೆ ಬದುಕು! ಬ್ರೆಡ್ಡಿಗೆ ಆ ಹೆಸರಿಟ್ಟ ಜನರ ಬಗ್ಗೆ ನನಗೆ ತುಂಬ ಗೌರವ.

ಹಳಮೆಯ ಮಾತಿಗೆ ಬಂದರೆ, ಜೋರ್ಡಾನ್‌ನ ಈಶಾನ್ಯ ಭಾಗದ ಕಪ್ಪು ಮರುಭೂಮಿಯಲ್ಲಿ ಶುಬೈಕಾ ಎಂಬ ಜಾಗದ ಹಳೆಯ ಒಲೆಗಳಲ್ಲಿ ಸುಟ್ಟು ಕರಿಕಾದ ಬ್ರೆಡ್ ಚೂರುಗಳು ಸಿಕ್ಕಿವೆ. 2018ರಲ್ಲಿ ಅದರ ವರದಿ ಬಂತು. ಸುಮಾರು 14,400 ವರ್ಷ ಹಿಂದಿನವು, ಬೇಸಾಯ ಶುರುವಾಗುವುದಕ್ಕೂ ಸುಮಾರು ನಾಲ್ಕು ಸಾವಿರ ವರ್ಷ ಮೊದಲು. ಕಾಡು ಧಾನ್ಯ ಆರಿಸಿ, ಕುಟ್ಟಿ, ಬೀಸಿ, ಕಲಸಿ, ಚಪ್ಪಟೆಯಾಗಿ ಸುಟ್ಟಿದ್ದಾರೆ. ಅದು ಪಿಟಾ ಅಂತ ಹೇಳಲಾಗದು. ಆದರೆ ಒಂದು ಹಿಡಿ ಹಿಟ್ಟಿಗಾಗಿ ಅಷ್ಟು ಕಷ್ಟ ಪಟ್ಟರಲ್ಲ ಅಂತ ಯೋಚಿಸಿದರೆ ನನಗೆ ಮನಸ್ಸು ತುಂಬಿ ಬರುತ್ತದೆ.

ಪ್ರಶ್ನೆ: ಉಳಿದ ಪಿಟಾ ಫ್ರಿಜ್‌ನಲ್ಲಿಟ್ಟರೆ ಮರುದಿನ ರಬ್ಬರಿನಂತಾಗುತ್ತದೆ. ಹೇಗೆ ಇಡಬೇಕು?

ಉತ್ತರ: ಫ್ರಿಜ್ ಬೇಡ. ಬೆಂದ ಹಿಟ್ಟು ಬೇಗ ಬಿರುಸಾಗುವುದು ಫ್ರಿಜ್‌ನ ತಣ್ಣನೆಯಲ್ಲೇ. ಮರುದಿನ ತಿನ್ನುವುದಾದರೆ ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ ಹೊರಗೇ ಇಡಿ. ಸೆಕೆ ಇದ್ದರೆ ಒಂದೇ ದಿನ, ಅದಕ್ಕಿಂತ ಜಾಸ್ತಿ ಬೂಸು ಬರುವ ಭಯ. ಇನ್ನೂ ಹೆಚ್ಚು ದಿನಕ್ಕಾದರೆ ಫ್ರೀಜರ್. ಚೀಲದಲ್ಲಿ ಗಾಳಿ ಇಲ್ಲದ ಹಾಗೆ ಕಟ್ಟಿಟ್ಟರೆ ಒಂದು ತಿಂಗಳು ಚೆನ್ನಾಗಿರುತ್ತದೆ. ಬೇಕಾದಾಗ ತೆಗೆದು, ಎರಡೂ ಬದಿಗೆ ಒದ್ದೆ ಕೈ ಸವರಿ, ಕಾದ ಕಾವಲಿಯ ಮೇಲೆ ಅರ್ಧ ಅರ್ಧ ನಿಮಿಷ.

ಒಣಗಿಯೇ ಹೋಗಿದ್ದರೆ ಎರಡು ಪದರ ಬಿಡಿಸಿ, ತುಂಡು ಮಾಡಿ, ಎಣ್ಣೆ ಉಪ್ಪು ಸವರಿ 180 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ ಇಡಿ. ಗರಿಗರಿ ಆಗುತ್ತವೆ. ಸೌತೆಕಾಯಿ, ಟೊಮೆಟೊ, ಪುದೀನ, ನಿಂಬೆರಸ, ಸುಮಾಕ್ ಎಂಬ ಹುಳಿ ಹಣ್ಣಿನ ಪುಡಿ ಸೇರಿಸಿ ಲೆಬನಾನ್ ಕಡೆಯವರು ಫತ್ತೂಶ್ ಎಂಬ ಸಲಾಡ್ ಮಾಡುವುದು ಇಂಥ ಒಣ ತುಂಡುಗಳಿಂದಲೇ.

ಪ್ರಶ್ನೆ: ಗ್ಲುಟನ್ ಆಗದವರಿಗೆ ಬೇರೆ ಹಿಟ್ಟಿನಲ್ಲಿ ಜೇಬಿನ ಪಿಟಾ ಆಗುತ್ತದೆಯೇ?

ಉತ್ತರ: ಆವಿಯನ್ನು ಹಿಡಿದಿಡುವ ಪೊರೆ ಆಗುವುದೇ ಗೋಧಿಯಲ್ಲಿರುವ ಗ್ಲುಟನ್ ಎಂಬ ಪ್ರೋಟೀನಿನಿಂದ. ಅದಿಲ್ಲದ ಹಿಟ್ಟಿಗೆ ಇಸಬ್ಗೋಲ್ ಹೊಟ್ಟು ಸೇರಿಸಿದರೆ ಎಳೆತ ಬರುತ್ತದೆ, ಮೆತ್ತನೆಯ ಬ್ರೆಡ್ ಆಗುತ್ತದೆ, ಒಮ್ಮೊಮ್ಮೆ ಅಲ್ಲಲ್ಲಿ ಉಬ್ಬುತ್ತದೆ. ಪೂರ್ತಿ ಜೇಬಿನ ಆಸೆ ಇಟ್ಟುಕೊಳ್ಳಬೇಡಿ, ಸುತ್ತಿ ತಿನ್ನುವ ಹಾಗೆ ಮಾಡಿ. ಕಾಯಿಲೆಯ ಕಾರಣಕ್ಕೆ ಬಿಟ್ಟವರಾದರೆ ಲಟ್ಟಣಿಗೆ, ಮಣೆ, ಬಟ್ಟೆ ಎಲ್ಲವೂ ಬೇರೆಯೇ ಇರಲಿ. ಹಳೆಯ ಮಣೆಯ ಸಂದಿನಲ್ಲಿ ಉಳಿದ ಹಿಟ್ಟೂ ಅವರಿಗೆ ತೊಂದರೆ ಕೊಡುತ್ತದೆ.

ಪ್ರಶ್ನೆ: ಮೇಡಂ, ಇದು ನನ್ನ ಪ್ರಶ್ನೆ ಅಲ್ಲ, ಏಳು ವರ್ಷದ ಮಗಳದ್ದು. ನಾನು ಪಿಟಾ ಮಾಡುವಾಗೆಲ್ಲ ಓವನ್ ಮುಂದೆ ಕೂತು ನೋಡುತ್ತಾಳೆ. "ಅಪ್ಪಾ, ಒಳಗೆ ಊದಿದ್ದು ಯಾರು?" ಅಂತ ಕೇಳಿದಳು. ಏನು ಹೇಳಲಿ?

ಉತ್ತರ: ಪುಟ್ಟೀ, ಯಾರೂ ಊದಲಿಲ್ಲ. ಹಿಟ್ಟು ಕಲಸುವಾಗ ಅಪ್ಪ ನೀರು ಹಾಕಿದರಲ್ಲ, ಅದೇ ನೀರು ಬಿಸಿಯಾಗಿ ಆವಿಯಾಯಿತು. ಪಾತ್ರೆಯಲ್ಲಿ ನೀರು ಕುದಿಯುವಾಗ ಮೇಲೆ ಹೋಗುತ್ತದಲ್ಲ, ಅದೇ. ಪಿಟಾದೊಳಗೆ ಅದಕ್ಕೆ ಬಾಗಿಲಿಲ್ಲ, ಅದಕ್ಕೆ ಒಳಗಿಂದ ತಳ್ಳುತ್ತದೆ.

ಮುಂದಿನ ಸಲ ಅವಳಿಗೆ ಹೀಗೆ ತೋರಿಸಿ. ಮೊದಲ ಒಂದು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಅಂಚಿನ ಹತ್ತಿರ ಒಂದು ಸಣ್ಣ ಗುಳ್ಳೆ ಏಳುತ್ತದೆ, ಅದರ ಪಕ್ಕ ಇನ್ನೊಂದು. ಎರಡೂ ಸೇರಿ ಒಂದಾಗುತ್ತವೆ. ಅಲ್ಲಿಂದ ಒಂದು ಅಲೆ ಎದ್ದು ನಡುವಿನ ಕಡೆ ಹೊರಡುತ್ತದೆ, ಇನ್ನೊಂದು ಬದಿ ತಲುಪುವಾಗ ಇಡೀ ಪಿಟಾ ಒಂದೇ ಸಲ ದುಂಡಗಾಗಿ ಕಲ್ಲಿನ ಮೇಲೆ ಕೂತಿರುತ್ತದೆ. ಇದೆಲ್ಲ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಆಗಿಹೋಗುತ್ತದೆ. ನಾನು ಈಗಲೂ ಮಂಡಿ ಊರಿ ಕೂತು ನೋಡುತ್ತೇನೆ. ಎರಡು ಪಿಟಾ ಹಾಕಿ, ಯಾವುದು ಮೊದಲು ಏಳುತ್ತದೆ ಅಂತ ಅವಳನ್ನೇ ಕೇಳಿ.

ಆದರೆ ಓವನ್ ಗಾಜಿನಿಂದ ಒಂದು ಮೊಳ ದೂರ ಕೂರಿಸಿ, 250 ಡಿಗ್ರಿಯಲ್ಲಿ ಹೊರಗಿನ ಗಾಜೂ ಸುಡುತ್ತದೆ. ತೆಗೆದ ಕೂಡಲೇ ಹರಿದು ನೋಡಲು ಕೊಡಬೇಡಿ. ಹರಿದ ಕಡೆಯಿಂದ ಆವಿ ಒಮ್ಮೆಲೇ ನುಗ್ಗುತ್ತದೆ, ಸಣ್ಣ ಬೆರಳಿಗೆ ಬೊಬ್ಬೆ ಬರುತ್ತದೆ. ಬಟ್ಟೆಯಲ್ಲಿ ಸುತ್ತಿಟ್ಟು ಐದು ನಿಮಿಷ ಆದ ಮೇಲೆ ಮೊದಲ ಪಿಟಾ ಅವಳ ಕೈಯಲ್ಲೇ ಬಿಡಿಸಿ.